‘ಸೇವ್ ಆಗಲಿಲ್ಲ’ ಅಂದ ಕಬ್ಬಿನ ಲೆಕ್ಕ, ಅದನ್ನು ಉಳಿಸಿಕೊಟ್ಟ ಬಿಟ್ಟಿ ಸಾಫ್ಟ್‌ವೇರ್

ಮೊದಲೇ ಹೇಳಿಬಿಡುತ್ತೇನೆ, ಎಕ್ಸೆಲ್ ಥರವೇ ಲೆಕ್ಕ ಬರೆಯುವ ಬಿಟ್ಟಿ ಸಾಫ್ಟ್‌ವೇರ್ ಲಿಬ್ರೆಆಫೀಸ್ ಕ್ಯಾಲ್ಕ್‌ಗೆ ನನ್ನ ಕಡೆಯಿಂದ ಐದಕ್ಕೆ ನಾಲ್ಕು ಅಂಕ. ಒಂದನ್ನು ಯಾಕೆ ಕಡಿದೆ ಅಂತ ಆಮೇಲೆ ಹೇಳುತ್ತೇನೆ. ಇಷ್ಟು ವರ್ಷ ಇದನ್ನು ಕಂಪ್ಯೂಟರ್‌ಗೆ ಹಾಕಿಕೊಂಡೇ ಇರಲಿಲ್ಲ. ಬಿಟ್ಟಿ ಸಿಗೋದು ಎಷ್ಟು ಚೆನ್ನಾಗಿರುತ್ತೆ ಬಿಡಿ ಅಂದುಕೊಂಡಿದ್ದೆ. ಸಂಕ್ರಾಂತಿಗೆ ಎಂಟು ದಿನ ಇರುವಾಗ ಭಾವನ ಆಲೆಮನೆಯ ಇಡೀ ಲೆಕ್ಕ ಕೈತಪ್ಪಿ ಹೋಯಿತು ನೋಡಿ, ಆಗ ಆ ಜಂಬವೆಲ್ಲ ಇಳಿಯಿತು.

ಆಲೆಮನೆ ಇರೋದು ಮಂಡ್ಯದಿಂದ ಪಾಂಡವಪುರದ ಕಡೆ ಹೋಗುವಾಗ. ನಾನು ಮಂಡ್ಯದಲ್ಲೇ ಇರುತ್ತೇನೆ, ವಾರಕ್ಕೆ ಮೂರು ಸಂಜೆ ಹೋಗಿ ಲೆಕ್ಕ ಬರೆದು ಬರುತ್ತೇನೆ. ಯಾರ ಗದ್ದೆಯಿಂದ ಎಷ್ಟು ಟನ್ ಕಬ್ಬು ಬಂತು, ಕಡಿದವರ ಕೂಲಿ ಎಷ್ಟು, ಟ್ರ್ಯಾಕ್ಟರ್ ಬಾಡಿಗೆ ಎಷ್ಟು, ರೈತರು ಮೊದಲೇ ತಗೊಂಡ ಮುಂಗಡ ಎಷ್ಟು, ಮಂಡಿಗೆ ಅಚ್ಚು ಬೆಲ್ಲ ಎಷ್ಟು ಹೋಯಿತು, ಬಕೆಟ್ ಬೆಲ್ಲ ಎಷ್ಟು ಹೋಯಿತು, ಎಲ್ಲವೂ ಒಂದೇ ಎಕ್ಸೆಲ್ ಫೈಲಿನ ಐದು ಹಾಳೆಗಳಲ್ಲಿ. ಫೈಲಿನ ಹೆಸರು ‘ಕಬ್ಬು ಲೆಕ್ಕ ಹೊಸದು ಫೈನಲ್ 2’. ಫೈನಲ್ 1 ಏನಾಯಿತು ಅಂತ ಕೇಳಬೇಡಿ. ಆ ಫೈಲು ಇರುತ್ತಿದ್ದದ್ದು ಪೆನ್‌ಡ್ರೈವ್‌ನಲ್ಲಿ. ಆಲೆಮನೆಯ ಹಳೇ ಕಂಪ್ಯೂಟರ್‌ನಲ್ಲೂ ಅದರಿಂದಲೇ ತೆಗೆಯೋದು, ಮನೆಯ ಲ್ಯಾಪ್‌ಟಾಪ್‌ನಲ್ಲೂ ಅದರಿಂದಲೇ. ಬೇರೆ ಪ್ರತಿ ಇರಲಿಲ್ಲ. ಹೌದು, ಬೈಯಿರಿ, ಮನೆಯಲ್ಲಿ ಎಲ್ಲರೂ ಆಗಲೇ ಬೈದಾಗಿದೆ.

ಸಂಕ್ರಾಂತಿ ಹತ್ತಿರ ಬಂದಾಗ ಅಚ್ಚು ಬೆಲ್ಲಕ್ಕೆ ಕೇಳುವವರು ಜಾಸ್ತಿ, ಗಾಣ ನಿಲ್ಲೋದೇ ಇಲ್ಲ. ಅವತ್ತು ಸಂಜೆ ಮೂರು ದಿನದ್ದು ಒಟ್ಟಿಗೆ ಬರೆಯೋದಿತ್ತು. ಮೂವತ್ತೇಳು ಲೋಡು. ತೂಕದ ಚೀಟಿಗಳ ಕಟ್ಟು ಎಡಗಡೆ, ಹೊಗೆ ಎಲ್ಲಾ ಕಡೆ, ಕೊಪ್ಪರಿಗೆಯಲ್ಲಿ ಪಾಕ ಬರುವ ಹೊತ್ತಿಗೆ ಮೂಗಿಗೆ ಬಡಿಯುವ ಆ ವಾಸನೆ. ಮೂವತ್ತೇಳನೇ ಲೋಡು ಬರೆದು ಕಂಟ್ರೋಲ್ ಎಸ್ ಒತ್ತಿದೆ. ‘ಡಾಕ್ಯುಮೆಂಟ್ ನಾಟ್ ಸೇವ್ಡ್’ ಅಂತ ಒಂದು ಚಿಕ್ಕ ಡಬ್ಬಿ ಬಂತು. ಮತ್ತೆ ಒತ್ತಿದೆ. ಮತ್ತೆ ಅದೇ. ನಮ್ಮ ಕಡೆ ಒಂದು ಗುಣ ಇದೆ ಅಲ್ವಾ, ಬಾಗಿಲು ತೆಗೆಯದಿದ್ದರೆ ಇನ್ನೂ ಜೋರಾಗಿ ತಳ್ಳೋದು. ಹತ್ತು ಸಲ ಒತ್ತಿರಬೇಕು. ಆಮೇಲೆ ಡಿಸ್ಕಿನಲ್ಲಿ ಜಾಗ ಇಲ್ಲ ಅಂತ ಒಂದು ಸೂಚನೆಯೂ ಬಂತು. ಪೆನ್‌ಡ್ರೈವ್ ತೆರೆದು ನೋಡಿದರೆ ಅಕ್ಕನ ಮಗ ಅದರ ತುಂಬ ಸಿನಿಮಾ ತುಂಬಿದ್ದಾನೆ. ಉಳಿದಿದ್ದ ಜಾಗ 9 ಎಂಬಿ. ನನ್ನ ಫೈಲು 11 ಎಂಬಿ.

ಇಲ್ಲಿ ಒಂದು ವಿಷಯ ಗೊತ್ತಿರಲಿ, ನನಗೆ ಗೊತ್ತಿರಲಿಲ್ಲ. 11 ಎಂಬಿ ಫೈಲು ಆಗಲೇ ಅಲ್ಲಿದೆ, ಹೊಸದಾಗಿ ನಾಲ್ಕು ಸಾಲು ಸೇರಿಸಿದರೆ ನಾಲ್ಕು ಸಾಲಿನಷ್ಟೇ ಜಾಗ ಬೇಕು ಅಂದುಕೊಂಡಿದ್ದೆ. ಹಾಗಲ್ಲ. ಎಕ್ಸೆಲ್ ಸೇವ್ ಮಾಡುವಾಗ ಹಳೇ ಫೈಲನ್ನು ತಿದ್ದೋದಿಲ್ಲ. ಅದೇ ಫೋಲ್ಡರ್‌ನಲ್ಲಿ ಪಕ್ಕದಲ್ಲಿ ಒಂದು ಹೊಸ ಫೈಲನ್ನು ಪೂರ್ತಿಯಾಗಿ ಬರೆಯುತ್ತೆ, ಅದು ಮುಗಿದ ಮೇಲೆ ಹಳೇದನ್ನು ತೆಗೆದು ಹೊಸದಕ್ಕೆ ಆ ಹೆಸರು ಇಡುತ್ತೆ. ಅಂದರೆ ಸೇವ್ ಮಾಡುವ ಆ ಹೊತ್ತಿನಲ್ಲಿ ಎರಡೂ ಫೈಲು ಕೂರುವಷ್ಟು ಜಾಗ ಬೇಕು. ನನ್ನ 9 ಎಂಬಿಯಲ್ಲಿ ಅದು ಎಲ್ಲಿಂದ ಆಗಬೇಕು?

ಆಗ ಮಾಡಬೇಕಿದ್ದದ್ದು ಎರಡು ನಿಮಿಷದ ಕೆಲಸ. ಫೈಲು ಇನ್ನೂ ತೆರೆದೇ ಇತ್ತು, ಬರೆದದ್ದೆಲ್ಲ ಕಣ್ಣೆದುರೇ ಇತ್ತು. ಸೇವ್ ಆ್ಯಸ್ ಒತ್ತಿ, ಡೆಸ್ಕ್‌ಟಾಪ್‌ಗೆ ಬೇರೆ ಹೆಸರಲ್ಲಿ ಇಟ್ಟಿದ್ದರೆ ಮುಗಿದಿತ್ತು. ಅದೂ ಆಗದಿದ್ದರೆ ಹಾಳೆಗಳನ್ನು ಒಟ್ಟಿಗೆ ಆರಿಸಿ ಹೊಸ ವರ್ಕ್‌ಬುಕ್‌ಗೆ ಕಾಪಿ ಮಾಡಬಹುದಿತ್ತು. ಅದೂ ಬೇಡ, ಫೋನ್ ತೆಗೆದು ಪರದೆಯ ಫೋಟೊ ಹೊಡೆದಿದ್ದರೂ ಆ ಮೂವತ್ತೇಳು ಲೋಡು ಉಳಿಯುತ್ತಿತ್ತು. ನಾನು ಏನು ಮಾಡಿದೆ ಗೊತ್ತಾ? ಒಂದು ಸಿನಿಮಾ ಅಳಿಸಿ, ಪೆನ್‌ಡ್ರೈವ್‌ಗೇ ಮತ್ತೆ ಸೇವ್ ಒತ್ತಿದೆ. ದೀಪ ಮಿಣುಕುತ್ತಾ ಇತ್ತು, ಚಕ್ರ ತಿರುಗುತ್ತಾ ಇತ್ತು, ಹಳೇ ಕಂಪ್ಯೂಟರ್ ಅಲ್ವಾ, ನಿಧಾನ. ಅಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಇದೆ, ಅದರ ಬ್ಯಾಟರಿ ಸತ್ತು ವರ್ಷ ಆಗಿತ್ತು. ಅದನ್ನು ಹೂವಿನ ಕುಂಡದ ಕೆಳಗಿನ ಕಲ್ಲಿನ ಥರ ಇಟ್ಟುಕೊಂಡಿದ್ದೆವು.

ಕರೆಂಟ್ ಬಂದ ಮೇಲೆ ಫೈಲ್ ತೆರೆದೆ. ಇದರಲ್ಲಿ ಏನೋ ತೊಂದರೆ ಇದೆ, ಆದಷ್ಟು ಸರಿಮಾಡಿ ಕೊಡಲಾ ಅಂತ ಎಕ್ಸೆಲ್ ಕೇಳಿತು. ಹೂಂ ಅಂದೆ. ಹಾಳೆಗಳು ತೆರೆದವು, ಅಂಕಿ ಎಲ್ಲ ಬಂದವು. ಆದರೆ ಹೆಸರಿನ ಕಾಲಂ ಪೂರ್ತಿ ಖಾಲಿ! 4.320 ಟನ್, 3.875 ಟನ್, 5.110 ಟನ್, ಹೀಗೆ ಸಾಲಾಗಿ. ಯಾರದ್ದು? ಗೊತ್ತಿಲ್ಲ.

ಇದಕ್ಕೂ ಕಾರಣ ಇದೆ, ಆಮೇಲೆ ಓದಿಕೊಂಡೆ. ಎಕ್ಸೆಲ್ 2007ರಿಂದ ಬಂದ ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲು ನಿಜವಾಗಿ ಒಂದು ಜಿಪ್ ಗಂಟು. ಒಳಗೆ ಚಿಕ್ಕಚಿಕ್ಕ ಫೈಲುಗಳು ಇರುತ್ತವೆ. ಒಂದೊಂದು ಹಾಳೆಗೆ ಒಂದೊಂದು. ಬಣ್ಣ, ಗೆರೆ, ಅಕ್ಷರದ ಅಳತೆಗೆ ಬೇರೆ. ನಾವು ಬರೆಯುವ ಅಕ್ಷರದ ಪದಗಳೆಲ್ಲ ‘ಶೇರ್ಡ್ ಸ್ಟ್ರಿಂಗ್ಸ್’ ಅನ್ನೋ ಇನ್ನೊಂದರಲ್ಲಿ ಒಂದೇ ಕಡೆ ಇರುತ್ತವೆ. ಹಾಳೆಯಲ್ಲಿ ಹೆಸರು ಇರೋದಿಲ್ಲ, ‘ಆ ಪಟ್ಟಿಯ 52ನೇ ಪದ’ ಅಂತ ಒಂದು ನಂಬರ್ ಮಾತ್ರ ಇರುತ್ತೆ. ಒಬ್ಬ ರೈತನ ಹೆಸರು ನೂರು ಸಲ ಬಂದರೂ ಒಂದೇ ಸಲ ಬರೆದುಕೊಂಡರೆ ಸಾಕಲ್ಲ, ಅದಕ್ಕೆ. ಉಪಾಯ ಚೆನ್ನಾಗಿದೆ. ಆದರೆ ಆ ಒಂದು ಪಟ್ಟಿಗೆ ಪೆಟ್ಟು ಬಿದ್ದರೆ ಐದೂ ಹಾಳೆಯ ಹೆಸರು ಒಟ್ಟಿಗೆ ಹೋಗುತ್ತೆ, ಅಂಕಿ ಮಾತ್ರ ಅನಾಥವಾಗಿ ಉಳಿಯುತ್ತೆ. ನನಗೆ ಆಗಿದ್ದು ಅದೇ. ಬರೆಯುವ ನಡುವೆ ಕರೆಂಟ್ ಹೋಗಿ ಪೆನ್‌ಡ್ರೈವೇ ಕೆಟ್ಟಿದ್ದರಿಂದ ಪಕ್ಕದಲ್ಲಿದ್ದ ಹಳೇ ಫೈಲಿಗೂ ಪೆಟ್ಟು ಬಿದ್ದಿರಬೇಕು.

ಭಾವ ಬಂದು ಹಿಂದೆ ನಿಂತರು. “ಏನ್ಲಾ, ಶನಿವಾರ ಬಟವಾಡೆ ಮಡಿಕ್ಕೊಂಡು ಹಿಂಗಂದ್ರೆ ಹೆಂಗ್ಲಾ?” ಅಂದರು. “ಒಂದ್ ನಿಮಿಷ ಇರಿ ಭಾವ” ಅಂದೆ. ಆ ಒಂದು ನಿಮಿಷ ಎರಡು ದಿನ ಆಯಿತು, ಅದು ಬೇರೆ ಮಾತು. ಅವರು ಪರದೆ ಹತ್ತಿರ ಬಗ್ಗಿ, ಬೆರಳು ಇಟ್ಟು, “ಈ ಐದು ಟನ್ ಚಿಲ್ರೆ ಕೆರೆ ಕೆಳಗಿನ ಗದ್ದೆಯೋರ್ದು, ಅವತ್ತು ಟ್ರ್ಯಾಕ್ಟರ್ ಪಂಚರ್ ಆಗಿತ್ತಲ್ಲ. ಇದು ಮೂಲೆಮನೆಯೋರ್ದು, ಅವ್ರದ್ದು ಯಾವಾಗ್ಲೂ ನಾಲ್ಕು ದಾಟಾಕಿಲ್ಲ” ಅಂತ ಹೇಳುತ್ತಾ ಹೋದರು. ಇಪ್ಪತ್ತಕ್ಕೂ ಹೆಚ್ಚು ಲೋಡು ಹಾಗೇ ಹೇಳಿಬಿಟ್ಟರು. ನನಗೆ ನಾಚಿಕೆಯೂ ಆಯಿತು, ಆಶ್ಚರ್ಯವೂ ಆಯಿತು. ಅಕ್ಕ ಒಳಗಿನಿಂದಲೇ, “ಬುಕ್ಕಲ್ಲಿ ಬರ್ದಿಟ್ಟಿದ್ರೆ ಇದೆಲ್ಲ ಇತ್ತಾ?” ಅಂದಳು. ಉತ್ತರ ಇರಲಿಲ್ಲ.

ಅವತ್ತು ನಾನು ಮಾಡಿದ ಒಂದೇ ಒಳ್ಳೇ ಕೆಲಸ ಅಂದರೆ, ಆಗ ತೆರೆದದ್ದನ್ನು ಅದೇ ಹೆಸರಲ್ಲಿ ಸೇವ್ ಮಾಡಲಿಲ್ಲ. ಮುಚ್ಚಿ, ಪೆನ್‌ಡ್ರೈವ್‌ನಲ್ಲಿ ಸಿನಿಮಾ ಬಿಟ್ಟು ಉಳಿದದ್ದನ್ನೆಲ್ಲ ಲ್ಯಾಪ್‌ಟಾಪ್‌ಗೆ ಕಾಪಿ ಮಾಡಿಕೊಂಡೆ. ಈ ಡ್ರೈವ್‌ನಲ್ಲಿ ತೊಂದರೆ ಇದೆ, ಸರಿಮಾಡಲಾ ಅಂತ ವಿಂಡೋಸ್ ಕೇಳುತ್ತಾ ಇತ್ತು. ಕಾಪಿ ಆಗುವ ತನಕ ಅದಕ್ಕೂ ಬೇಡ ಅಂದೆ. ಇದು ನಿಮ್ಮ ತಲೆಯಲ್ಲಿರಲಿ. ಆ ಸರಿಮಾಡುವ ಕೆಲಸ ಡ್ರೈವ್‌ನ ಲೆಕ್ಕ ಸರಿಮಾಡುತ್ತೆ, ನಿಮ್ಮ ಫೈಲಿನ ಲೆಕ್ಕವನ್ನಲ್ಲ. ತುಂಡಾದದ್ದನ್ನು ಒಯ್ದು ‘ಫೌಂಡ್’ ಅನ್ನುವ ಫೋಲ್ಡರ್‌ನಲ್ಲಿ ಯಾವುದೋ ಹೆಸರಿಟ್ಟು ಹಾಕುತ್ತೆ.

ಮರುದಿನ ಪೇಟೆಯಲ್ಲಿ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೋದೆ. ಹೆಸರು ಬೇಡ. ಹುಡುಗ ಪೆನ್‌ಡ್ರೈವ್ ಹಾಕಿ ನೋಡಿ, “ಕರಪ್ಟ್ ಆಗಿದೆ ಸರ್, ಫಾರ್ಮ್ಯಾಟ್ ಮಾಡ್ಬೇಕು” ಅಂದ. ಫಾರ್ಮ್ಯಾಟ್ ಮಾಡಿದರೆ ಲೆಕ್ಕ ಎಲ್ಲಿ ಬರುತ್ತಪ್ಪಾ ಅಂದೆ. “ಡೇಟಾ ಬೇಕಂದ್ರೆ ರಿಕವರಿ, 2,500 ಆಗುತ್ತೆ, ಎರಡು ದಿನ ಬಿಟ್ಟುಹೋಗಿ, ಗ್ಯಾರಂಟಿ ಇಲ್ಲ” ಅಂದ. ಬೇಡ ಅಂತ ಎದ್ದುಬಂದೆ. ಅವನು ಮೋಸ ಮಾಡಿದ ಅಂತ ಹೇಳುತ್ತಿಲ್ಲ, ಅಳಿಸಿಹೋದ ಫೋಟೊ ವಾಪಸ್ ತರೋದು ಅವನ ದಿನದ ಕೆಲಸ. ಆದರೆ ನನ್ನ ಫೈಲು ಅಳಿಸಿಹೋಗಿರಲಿಲ್ಲ, ಮುರಿದಿತ್ತು. ಎರಡೂ ಬೇರೆ ರೋಗ, ಅವನ ಹತ್ತಿರ ಇದ್ದದ್ದು ಒಂದೇ ಮಾತ್ರೆ.

ಮನೆಗೆ ಬಂದು ‘ಎಕ್ಸೆಲ್ ರಿಪೇರಿ’ ಅಂತ ಹುಡುಕಿ ಸಿಕ್ಕ ಒಂದು ಸಾಫ್ಟ್‌ವೇರ್ ಇಳಿಸಿಕೊಂಡೆ. ಅದು ಫೈಲ್ ತಗೊಂಡು, ಹಸಿರು ಪಟ್ಟಿ ಓಡಿಸಿ, ಚಿಕ್ಕ ಕಿಟಕಿಯಲ್ಲಿ ಒಂದಷ್ಟು ಸಾಲು ತೋರಿಸಿತು. ಸೇವ್ ಒತ್ತಿದರೆ ದುಡ್ಡು ಕಟ್ಟು ಅಂದಿತು, ಅದೂ ಡಾಲರ್‌ನಲ್ಲಿ. ಹೊಟ್ಟೆ ಹಸಿದವನಿಗೆ ಹೋಟೆಲ್ ಗಾಜಿನ ಆಚೆ ಇಡ್ಲಿ ತೋರಿಸಿದ ಹಾಗೆ. ಇನ್ನು ಕೆಲವು ವೆಬ್‌ಸೈಟ್‌ಗಳಿವೆ, ಫೈಲ್ ಅಪ್‌ಲೋಡ್ ಮಾಡಿ, ನಾವೇ ಸರಿಮಾಡಿ ಕೊಡುತ್ತೇವೆ ಅನ್ನುತ್ತವೆ. ನನ್ನ ಮುಂಗಡದ ಹಾಳೆಯಲ್ಲಿ ರೈತರ ಬ್ಯಾಂಕ್ ಖಾತೆ ನಂಬರ್ ಇದೆ, ಫೋನ್ ನಂಬರ್ ಇದೆ. ಅದನ್ನು ಗುರುತು ಪರಿಚಯ ಇಲ್ಲದ ಕಡೆ ಕಳಿಸೋದು ಬೇಡ ಅನಿಸಿತು. ನಿಮಗೂ ಬೇಡ ಅಂತಲೇ ಹೇಳುತ್ತೇನೆ.

ಅದಕ್ಕೂ ಮೊದಲು ಎಕ್ಸೆಲ್ ಒಳಗೇ ಇರುವ ‘ಓಪನ್ ಅಂಡ್ ರಿಪೇರ್’ ನೋಡಿದ್ದೆ. ಫೈಲ್ ತೆರೆಯುವ ಕಿಟಕಿಯಲ್ಲಿ ಓಪನ್ ಬಟನ್ ಪಕ್ಕ ಒಂದು ಚಿಕ್ಕ ಬಾಣ ಇದೆ, ಅದರ ಒಳಗೆ. ಇಷ್ಟು ವರ್ಷ ಎಕ್ಸೆಲ್ ಬಳಸಿದ್ದೇನೆ, ಆ ಬಾಣ ಯಾಕಿದೆ ಅಂತ ಒಂದು ದಿನ ಒತ್ತಿ ನೋಡಿರಲಿಲ್ಲ. ಅಲ್ಲಿ ಎರಡು ದಾರಿ ಇವೆ, ಪೂರ್ತಿ ರಿಪೇರಿ ಒಂದು, ಡೇಟಾ ಮಾತ್ರ ಹೊರತೆಗೆಯೋದು ಇನ್ನೊಂದು. ಎರಡರಲ್ಲೂ ಹೆಸರು ಬರಲಿಲ್ಲ. ಅದನ್ನು ಬೈಯೋದಿಲ್ಲ, ಆ ಫೈಲಿನಲ್ಲಿ ಹೆಸರೇ ಉಳಿದಿರಲಿಲ್ಲ ಅಂದ ಮೇಲೆ ಅದು ಎಲ್ಲಿಂದ ತರುತ್ತೆ. ಸಾಮಾನ್ಯ ಪೆಟ್ಟಿಗೆ ಅದೇ ಸಾಕಾಗುತ್ತೆ, ಮೊದಲು ಅದನ್ನೇ ನೋಡಿ. ಹಾಗೇ ಎಕ್ಸೆಲ್ ಹತ್ತು ನಿಮಿಷಕ್ಕೊಮ್ಮೆ ತಾನೇ ಒಂದು ಪ್ರತಿ ಇಟ್ಟುಕೊಳ್ಳುವ ‘ಆಟೊ ರಿಕವರ್’ ಅಂತಲೂ ಇದೆ. ಹಳೇ ಕಂಪ್ಯೂಟರ್ ಮಧ್ಯೆ ಮಧ್ಯೆ ನಿಂತುಬಿಡುತ್ತೆ ಅಂತ ಅದನ್ನು ನಾನೇ ಆಫ್ ಮಾಡಿದ್ದೆ. ಈ ಕತೆಯಲ್ಲಿ ಎಲ್ಲಿ ನೋಡಿದರೂ ನಾನೇ ಸಿಗುತ್ತೇನೆ.

ಈಗ ಇನ್ನೊಂದು ಫೈಲಿನ ವಿಷಯ. ಪೆನ್‌ಡ್ರೈವ್‌ನಿಂದ ಕಾಪಿ ಮಾಡಿದ ಫೋಲ್ಡರ್‌ನಲ್ಲಿ ಎಂಟು ಅಕ್ಷರದ, ಅರ್ಥವೇ ಇಲ್ಲದ ಹೆಸರಿನ ಒಂದು ಫೈಲು ಇತ್ತು. ಹಿಂದೆ ಚುಕ್ಕಿ ಇಲ್ಲ, ಎಕ್ಸ್‌ಎಲ್‌ಎಸ್‌ಎಕ್ಸ್ ಇಲ್ಲ, ಏನೂ ಇಲ್ಲ. 7.4 ಎಂಬಿ. ಸಮಯ ನೋಡಿದರೆ ಕರೆಂಟ್ ಹೋದ ಗಳಿಗೆಯದ್ದೇ. ಎಕ್ಸೆಲ್ ಪಕ್ಕದಲ್ಲಿ ಹೊಸದಾಗಿ ಬರೆಯುತ್ತಾ ಇದ್ದದ್ದು ಇದೇ, ಅರ್ಧಕ್ಕೆ ನಿಂತದ್ದು. ಕಸ ಅಂತ ಅಳಿಸೋಕೆ ಹೋಗಿದ್ದೆ! ಸುಮ್ನೆ ಕುತೂಹಲಕ್ಕೆ ನೋಟ್‌ಪ್ಯಾಡ್‌ನಲ್ಲಿ ತೆರೆದೆ. ಪರದೆ ತುಂಬ ಕಸಕಡ್ಡಿ, ಆದರೆ ಶುರುವಿನಲ್ಲೇ ಇಂಗ್ಲಿಷ್‌ನ ಪಿ ಮತ್ತು ಕೆ ಎರಡು ಅಕ್ಷರ. ಜಿಪ್ ಗಂಟುಗಳೆಲ್ಲ ಆ ಎರಡು ಅಕ್ಷರದಿಂದ ಶುರುವಾಗುತ್ತವೆ. ಜಿಪ್ ಮಾಡಿದ ಫಿಲ್ ಕ್ಯಾಟ್ಜ್ ಅನ್ನುವವನ ಹೆಸರಿನ ಮೊದಲಕ್ಷರಗಳು ಅವು. ಅಂದರೆ ಒಳಗೆ ಮಾಲು ಇದೆ ಅಂತಾಯಿತು. ಹೆಸರಿನ ಕೊನೆಗೆ ಎಕ್ಸ್‌ಎಲ್‌ಎಸ್‌ಎಕ್ಸ್ ಸೇರಿಸಿ ಎಕ್ಸೆಲ್‌ಗೆ ಕೊಟ್ಟೆ. ಇದು ಎಕ್ಸೆಲ್ ಫೈಲೇ ಅಲ್ಲ ಅಂತ ಬಾಗಿಲು ಹಾಕಿತು.

ಯಾಕೆ ಅಂತ ತಿಳಿದಾಗ ಮಜಾ ಅನಿಸಿತು. ಜಿಪ್ ಗಂಟಿನ ಒಳಗೆ ಏನೇನಿದೆ, ಯಾವುದು ಎಲ್ಲಿದೆ ಅನ್ನುವ ಪರಿವಿಡಿ ಇರೋದು ಕೊನೆಯಲ್ಲಿ. ಮೊದಲು ಸಾಮಾನೆಲ್ಲ ತುಂಬಿ, ಕೊನೆಗೆ ಪಟ್ಟಿ ಬರೆದು ಕಟ್ಟೋದು. ನನ್ನ ಫೈಲು ಅರ್ಧಕ್ಕೆ ನಿಂತಿದ್ದರಿಂದ ಆ ಪಟ್ಟಿ ಬರೆಯೋಕೆ ಮುಂಚೆಯೇ ಕರೆಂಟ್ ಹೋಗಿತ್ತು. ಪಟ್ಟಿ ಇಲ್ಲದ ಗಂಟನ್ನು ಎಕ್ಸೆಲ್ ಮುಟ್ಟಲಿಲ್ಲ. ಆದರೆ ಒಳಗಿನ ಒಂದೊಂದು ಸಾಮಾನಿನ ಮೇಲೂ ಅದರದ್ದೇ ಒಂದು ಚೀಟಿ ಅಂಟಿಸಿರುತ್ತೆ. ಆ ಚೀಟಿಗಳನ್ನು ಒಂದೊಂದಾಗಿ ಓದಿಕೊಂಡು ಹೋಗುವ ತಾಳ್ಮೆ ಇದ್ದರೆ, ತುಂಡಾದ ಜಾಗದ ತನಕ ಇರುವುದನ್ನೆಲ್ಲ ತೆಗೆಯಬಹುದು. ಲಿಬ್ರೆಆಫೀಸ್‌ಗೆ ಆ ತಾಳ್ಮೆ ಇದೆ.

ಅಷ್ಟಕ್ಕೂ ಅದು ನೆನಪಾದದ್ದು ಪಕ್ಕದ ಮನೆಯ ಹುಡುಗಿಯಿಂದ. ಕಾಲೇಜಿನಲ್ಲಿ ಅವರಿಗೆ ಅದೇ ಅಂತೆ. “ಅಂಕಲ್, ಲಿಬ್ರೆಆಫೀಸಲ್ಲಿ ಒಂದ್ಸಲ ಓಪನ್ ಮಾಡಿ ನೋಡಿ” ಅಂದಳು. ಮುನ್ನೂರು ಎಂಬಿಗೂ ಮೇಲಿನ ಡೌನ್‌ಲೋಡು. ದುಡ್ಡು ಕೇಳಲಿಲ್ಲ, ಇಮೇಲ್ ಕೇಳಲಿಲ್ಲ, ಫೋನ್ ನಂಬರ್ ಕೇಳಲಿಲ್ಲ. ದೇಣಿಗೆ ಕೊಡ್ತೀರಾ ಅಂತ ಒಂದು ಮಾತು ಕೇಳುತ್ತೆ, ಅಷ್ಟೇ. 2010ರಲ್ಲಿ ಓಪನ್‌ಆಫೀಸ್‌ನಿಂದ ಬೇರೆ ಸಂಸಾರ ಹೂಡಿದ ಸಾಫ್ಟ್‌ವೇರ್ ಇದು, ಡಾಕ್ಯುಮೆಂಟ್ ಫೌಂಡೇಶನ್ ಅನ್ನುವ ಸಂಸ್ಥೆ ನೋಡಿಕೊಳ್ಳುತ್ತೆ. ಅದರೊಳಗಿನ ಲೆಕ್ಕದ ಭಾಗವೇ ಕ್ಯಾಲ್ಕ್.

ಆ ಅನಾಮಧೇಯ ಫೈಲನ್ನು ಅದಕ್ಕೆ ಕೊಟ್ಟೆ. ಈ ಫೈಲು ಕೆಟ್ಟಿದೆ, ಸರಿಮಾಡಿ ನೋಡಲಾ ಅಂತ ಕೇಳಿತು. ಹೂಂ ಅಂದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ನಾನು ಕಾಫಿ ಲೋಟ ಇಟ್ಟುಬರೋಣ ಅಂತ ಏಳುವಷ್ಟರಲ್ಲಿ ಹಾಳೆ ತೆರೆದುಕೊಂಡಿತು. ಐದಕ್ಕೆ ಐದು ಹಾಳೆ. ಕೆಳಗೆ ಇಳಿಸಿದೆ, ಮೂವತ್ತೇಳು ಲೋಡೂ ಇದ್ದವು. ಹೆಸರಿನ ಕಾಲಂ ನೋಡಿದೆ, ತುಂಬಿತ್ತು. ಆದರೆ ಒಂದೂ ಓದಲು ಬರುವಂತಿಲ್ಲ! ಇಂಗ್ಲಿಷ್ ಅಕ್ಷರದ ಮೇಲೆ ಕೊಂಬು, ಕೆಳಗೆ ಬಾಲ, ನಡುವೆ ಪೌಂಡ್ ಗುರುತು. ಎದೆ ಮತ್ತೆ ಧಸಕ್ ಅಂತು.

ಆಮೇಲೆ ಹೊಳೆಯಿತು. ನಾನು ಹೆಸರು ಬರೆಯೋದು ಹಳೇ ನುಡಿ ಫಾಂಟ್‌ನಲ್ಲಿ. ಹಳೇ ನುಡಿ, ಬರಹ ಬಳಸಿದವರಿಗೆ ಈ ಕಾಯಿಲೆ ಗೊತ್ತಿರುತ್ತೆ, ಒಳಗೆ ಇರೋದು ಇಂಗ್ಲಿಷ್ ಅಕ್ಷರಗಳೇ, ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕುತ್ತೆ. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ವೇಷ ಕಳಚಿ ಬೀಳುತ್ತೆ. ಆಲೆಮನೆಯ ಕಂಪ್ಯೂಟರ್‌ನಲ್ಲಿ ನುಡಿ ಇತ್ತು, ಈ ಹೊಸ ಲ್ಯಾಪ್‌ಟಾಪ್‌ಗೆ ಇನ್ನೂ ಹಾಕಿಕೊಂಡಿರಲಿಲ್ಲ. ನುಡಿ ಹಾಕಿಕೊಂಡು, ಕ್ಯಾಲ್ಕ್ ಮುಚ್ಚಿ ತೆರೆದೆ. ಹೆಸರುಗಳು ಒಂದೊಂದಾಗಿ ಕನ್ನಡದಲ್ಲಿ ಎದ್ದು ಕೂತವು. ಭಾವನಿಗೆ ಫೋನ್ ಮಾಡಿ “ಸಿಕ್ತು ಭಾವ” ಅಂದೆ. “ಮೂಲೆಮನೆಯೋರ್ದು ಎಷ್ಟು ಅಂತದೆ ನೋಡ್ಲಾ” ಅಂದರು. 3.875. ಅವರು ಹೇಳಿದ್ದೇ ಸರಿ.

ಹೋದದ್ದು ಏನೂ ಇಲ್ಲವಾ ಅಂದರೆ, ಇದೆ. ತೂಕದ ಚೀಟಿಯ ಫೋಟೊಗಳನ್ನು ವಾಟ್ಸಾಪ್‌ನಿಂದ ತಂದು ಅದೇ ಹಾಳೆಯಲ್ಲಿ ಅಂಟಿಸುವ ಚಟ ನನಗೆ. ಅವು ಹೋದವು, ತುಂಡಾದದ್ದು ಅದೃಷ್ಟಕ್ಕೆ ಆ ಭಾಗ. ಎಲ್ಲರಿಗೂ ಹೀಗೇ ಆಗುತ್ತೆ ಅಂತ ನಾನು ಹೇಳಲ್ಲ. ಇನ್ನೊಂದು ಎಂಬಿ ಮೊದಲೇ ಕರೆಂಟ್ ಹೋಗಿದ್ದರೆ ಯಾವ ಸಾಫ್ಟ್‌ವೇರ್ ಏನು ಮಾಡುತ್ತಿತ್ತೋ.

ಬಂದ ಲೆಕ್ಕವನ್ನು ಹಾಗೇ ನಂಬಲಿಲ್ಲ. ಇದನ್ನು ಯಾರೂ ಬಿಡಬೇಡಿ, ರಿಪೇರಿ ಆದ ಫೈಲು ತೆರೆದುಕೊಂಡಿತು ಅಂದರೆ ಎಲ್ಲ ಬಂತು ಅಂತ ಅರ್ಥ ಅಲ್ಲ. ಆಲೆಮನೆಯಲ್ಲಿ ಒಂದು ಸುಲಭದ ತಾಳೆ ಇದೆ. ಒಂದು ಟನ್ ಕಬ್ಬಿಗೆ ಹೆಚ್ಚೂಕಡಿಮೆ 100 ಕೆಜಿ ಬೆಲ್ಲ ಬರುತ್ತೆ, ಕಬ್ಬು ಚೆನ್ನಾಗಿದ್ದರೆ ಇನ್ನೊಂಚೂರು ಮೇಲೆ. ವಾರದಲ್ಲಿ ಬಂದ ಕಬ್ಬಿನ ಒಟ್ಟು ಟನ್ ಒಂದು ಕಡೆ, ಮಂಡಿಗೆ ಹೋದ ಬೆಲ್ಲದ ಬಿಲ್ ಇನ್ನೊಂದು ಕಡೆ ಇಟ್ಟು ನೋಡಿದೆ. ಮೂರು ವಾರ ಸರಿ ಕೂತವು. ಒಂದು ವಾರದ್ದು ಕೂರಲಿಲ್ಲ, ಎದೆ ಹೊಡೆದುಕೊಂಡಿತು, ನೋಡಿದರೆ ಆ ವಾರ ಮಳೆ ಬಂದು ರಚ್ಚು, ಅಂದರೆ ಹಿಂಡಿದ ಕಬ್ಬಿನ ಸಿಪ್ಪೆ, ನೆನೆದು ಒಲೆ ಸರಿಯಾಗಿ ಉರಿದಿರಲಿಲ್ಲ, ಎರಡು ದಿನದ ಕಬ್ಬಿನ ಹಾಲು ಹುಳಿ ಬಂದು ಚೆಲ್ಲಿದ್ದೆವು. ಫೈಲಿನ ತಪ್ಪಲ್ಲ.

ಆಮೇಲೆ ಕೂತು ಯೋಚಿಸಿದ್ದು, ಮೂರು ಸಾವಿರ ಸಾಲೂ ಇಲ್ಲದ ಲೆಕ್ಕ 11 ಎಂಬಿ ಯಾಕಾಯಿತು ಅಂತ. ಕಂಟ್ರೋಲ್ ಎಂಡ್ ಒತ್ತಿದೆ. ಕರ್ಸರ್ ಹೋಗಿ ನಿಂತದ್ದು 10,48,576ನೇ ಸಾಲಿನಲ್ಲಿ! ಹಾಳೆಯ ಕಟ್ಟಕಡೇ ಸಾಲು ಅದು, ಅದರಾಚೆ ಹಾಳೆಯೇ ಇಲ್ಲ. ಯಾವಾಗಲೋ ಗೆರೆ ಎಳೆಯೋಕೆ ಹೋಗಿ ಕೆಳಗಿನ ತನಕ ಎಳೆದುಬಿಟ್ಟಿದ್ದೇನೆ, ಖಾಲಿ ಸಾಲುಗಳನ್ನೆಲ್ಲ ಫೈಲು ಹೊತ್ತುಕೊಂಡು ತಿರುಗುತ್ತಾ ಇತ್ತು. ಮುಂಗಡ ಬಾಕಿ ಇದ್ದರೆ ಕೆಂಪು ಬಣ್ಣ ಬರಲಿ ಅಂತ ಹಾಕಿದ ಒಂದು ನಿಯಮ, ಸಾಲು ಕಾಪಿ ಪೇಸ್ಟ್ ಮಾಡಿದಾಗೆಲ್ಲ ಮರಿ ಹಾಕಿ ನೂರಾರು ಆಗಿತ್ತು. ಮೇಲೆ ಆ ಫೋಟೊಗಳು. ಹೊಸ ಫೈಲು ತೆಗೆದು, ಅಂಕಿ ಮತ್ತು ಸೂತ್ರ ಮಾತ್ರ ಅದಕ್ಕೆ ತಂದೆ. ಹಳೇ ಫೈಲನ್ನು ತಿದ್ದಲು ಹೋಗಲಿಲ್ಲ, ಒಮ್ಮೆ ಮುರಿದದ್ದನ್ನು ನಂಬಿ ಮುಂದುವರಿಯೋಕೆ ಧೈರ್ಯ ಇರಲಿಲ್ಲ. ಈಗ ಅದು 400 ಕೆಬಿ. ಒಂದು ಎಂಬಿಯ ಅರ್ಧವೂ ಇಲ್ಲ! ಈ ಗಾತ್ರ ಇದ್ದಿದ್ದರೆ ಅವತ್ತು ಆ 9 ಎಂಬಿಯಲ್ಲೇ ಕಾಲು ಚಾಚಿ ಮಲಗುತ್ತಿತ್ತು.

ಸರಿ, ಒಂದು ಅಂಕ ಯಾಕೆ ಕಡಿದೆ. ಕ್ಯಾಲ್ಕ್ ಏಳೋದು ನಿಧಾನ, ಆಲೆಮನೆಯ ಕಂಪ್ಯೂಟರ್‌ನಲ್ಲಂತೂ ಒತ್ತಿ ಹೋಗಿ ಕೈಕಾಲು ತೊಳೆದು ಬರಬಹುದು. ಎಕ್ಸೆಲ್ ಫೈಲನ್ನು ಎಕ್ಸೆಲ್ ಥರವೇ ಇಡು ಅಂದರೆ ಸೇವ್ ಮಾಡುವಾಗ, ಇದೇ ರೂಪದಲ್ಲಿ ಇಡಲಾ ಅಥವಾ ನಮ್ಮ ರೂಪದಲ್ಲಾ ಅಂತ ಕೇಳುತ್ತೆ. ಕೇಳಬೇಡ ಅಂತ ಅಲ್ಲೇ ಒಂದು ಟಿಕ್ ಇದೆ, ಅದು ಕಣ್ಣಿಗೆ ಬೀಳೋಕೆ ನನಗೆ ಎರಡು ವಾರ ಬೇಕಾಯಿತು. ಬ್ಯಾಕ್‌ಸ್ಪೇಸ್ ಒತ್ತಿ ಅಳಿಸುವ ಅಭ್ಯಾಸ ಇರುವವರಿಗೆ ತಲೆ ಕೆಡುತ್ತೆ, ಏನೇನು ಅಳಿಸಲಿ ಅಂತ ಒಂದು ಡಬ್ಬಿ ತೆರೆಯುತ್ತೆ, ಡಿಲೀಟ್ ಒತ್ತಬೇಕು. ಮೆನು ಕನ್ನಡದಲ್ಲೂ ಹಾಕಿಕೊಳ್ಳಬಹುದು. ಹಾಕಿ ನೋಡಿದೆ, ಖುಷಿಯಾಯಿತು, ಆದರೆ ಬೇಕಾದ ಬಟನ್ ಹುಡುಕೋಕೆ ಜಾಸ್ತಿ ಹೊತ್ತು ಹಿಡಿದು ಎರಡನೇ ದಿನ ವಾಪಸ್ ಇಂಗ್ಲಿಷ್‌ಗೆ ಬಂದೆ. ತಪ್ಪು ನನ್ನದೇ ಇರಬಹುದು, ಕೈಗೆ ಕೂತ ಅಭ್ಯಾಸ. ಪ್ರಿಂಟ್ ತೆಗೆದಾಗ ಎಕ್ಸೆಲ್‌ನಲ್ಲಿ ಒಂದೇ ಪುಟದಲ್ಲಿ ಬರುತ್ತಿದ್ದ ಬಟವಾಡೆ ಪಟ್ಟಿ ಇಲ್ಲಿ ಎರಡನೇ ಪುಟಕ್ಕೆ ಒಂದು ಕಾಲಂ ದಾಟಿಸಿತು, ಅದೂ ಬಾಕಿ ಮೊತ್ತದ ಕಾಲಮ್ಮನ್ನೇ. ಮೊದಲನೇ ಪುಟ ಮಾತ್ರ ನೋಡಿದ ಒಬ್ಬರು, ನಮಗೆ ಬಾಕಿನೇ ಇಲ್ವಾ ಅಂತ ಜಗಳಕ್ಕೇ ಬಂದಿದ್ದರು. ಪುಟದ ಅಳತೆ ಹೊಂದಿಸಿದ ಮೇಲೆ ಸರಿಹೋಯಿತು.

ಸೂತ್ರಗಳು ಮಾತ್ರ ಒಂದೂ ತಪ್ಪಲಿಲ್ಲ. ಒಬ್ಬೊಬ್ಬ ರೈತನ ಹೆಸರಿಗೆ ಟನ್ ಕೂಡಿಸುವ ಸಮ್‌ಇಫ್ಸ್, ಮುಂಗಡ ಹುಡುಕಿ ತರುವ ವಿಲುಕಪ್, ಎಲ್ಲವೂ ಹಾಗೇ ನಡೆದವು. ಸೇವ್ ಮಾಡಿದಾಗೆಲ್ಲ ಹಿಂದಿನ ಪ್ರತಿಯನ್ನು ಬೇರೆಯಾಗಿ ಇಟ್ಟುಕೊಳ್ಳುವ ಒಂದು ಆಯ್ಕೆ ಇದೆ, ಆಪ್ಷನ್ಸ್ ಒಳಗೆ ಲೋಡ್ ಸೇವ್ ಅನ್ನುವ ಕಡೆ. ಟಿಕ್ ಹಾಕಿಟ್ಟಿದ್ದೇನೆ. ಎಕ್ಸೆಲ್‌ನಲ್ಲೂ ಅಂಥದ್ದೇ ಇದೆ, ಸೇವ್ ಆ್ಯಸ್ ಕಿಟಕಿಯ ಟೂಲ್ಸ್ ಒಳಗೆ ಹೋಗಿ ಜನರಲ್ ಆಪ್ಷನ್ಸ್ ನೋಡಿ. ಎಕ್ಸೆಲ್ ಬಿಟ್ಟಿಲ್ಲ ನಾನು, ದಿನದ ಕೆಲಸಕ್ಕೆ ಈಗಲೂ ಅದೇ, ಕೈ ಓಡುತ್ತೆ. ಕ್ಯಾಲ್ಕ್ ಮನೆಯಲ್ಲಿ ಇರಬೇಕಾದ ಎರಡನೇ ಬೀಗದ ಕೈ. ಎರಡೂ ಕಂಪ್ಯೂಟರ್‌ಗೆ ಹಾಕಿದ್ದೇನೆ.

ಶನಿವಾರ ಬಟವಾಡೆ ಮಧ್ಯಾಹ್ನದೊಳಗೆ ಮುಗಿಯಿತು. ಪಕ್ಕದ ಮನೆ ಹುಡುಗಿಗೆ ಭಾವ ಒಂದು ಬಕೆಟ್ ಬೆಲ್ಲ ಕಳಿಸಿದರು, ಹತ್ತು ಕೆಜಿಯದ್ದು. ಅಷ್ಟೊಂದು ಬೆಲ್ಲ ಏನು ಮಾಡೋದು ಅಂತ ಅವರಮ್ಮ ನನ್ನನ್ನೇ ಕೇಳಿದರು. ಯುಪಿಎಸ್‌ಗೆ ಹೊಸ ಬ್ಯಾಟರಿ ಬಂದಿದೆ. ಫೈಲು ಕಂಪ್ಯೂಟರ್‌ನಲ್ಲೇ ಇರುತ್ತೆ, ಸಂಜೆ ಹೊರಡುವಾಗ ಒಂದು ಪ್ರತಿ ನನಗೇ ಮೇಲ್ ಮಾಡಿಕೊಳ್ಳುತ್ತೇನೆ, ಹೆಸರಿನಲ್ಲಿ ತಾರೀಕು ಹಾಕಿ, ಫೈನಲ್ ಅನ್ನುವ ಪದ ಬಿಟ್ಟು. ಆ ಪೆನ್‌ಡ್ರೈವ್ ಈಗ ಟ್ರ್ಯಾಕ್ಟರ್‌ನ ಸ್ಟೀರಿಯೊದಲ್ಲಿದೆ. ಹಾಡು ಚೆನ್ನಾಗೇ ಬರುತ್ತೆ.